ಹುಳ ಕೊಂದರೆ ತಪ್ಪು, ಧಮಕಿ ಹಾಕಿದರೆ ಓಕೆ

ಜಾಲತಾಣದಲ್ಲಿ ಹಿಂಸೆ, ಬೈಗುಳ ಇರಬಾರದು ಅಂತ ಕಂಪನಿಗಳು ಯಂತ್ರದ ಕೈಗೆ ಕತ್ತರಿ ಕೊಟ್ಟಿವೆ. ಆ ಯಂತ್ರದ ಪ್ರಕಾರ ನಮ್ಮ ರಾಯಚೂರು ಜಿಲ್ಲೆಯವರಷ್ಟು ಅಪಾಯಕಾರಿ ಜನ ಬೇರೆ ಇಲ್ಲ.

ನೀವೇ ನೋಡಿ. ಹತ್ತಿ ಬೆಳೆದ ರೈತನೊಬ್ಬ ಕಾಯಿಕೊರಕದ ಫೋಟೋ ಹಾಕಿ 'ಅಣ್ಣಾರ, ಈ ಹುಳ ಹೆಂಗ ಸಾಯಿಸ್ಬೇಕ್ರಿ' ಅಂತ ಕೇಳುತ್ತಾನೆ. ಪೋಸ್ಟ್ ಮಾಯ. ಕಾರಣ, ಹಿಂಸೆಗೆ ಪ್ರಚೋದನೆ! 'ಸಂಜಿ ಹೊತ್ತು ಹೊಡಿ, ಚಲೋ ಸಾಯ್ತಾವ' ಅಂತ ಹುಳದ ಔಷಧಿ ಹೊಡೆಯುವ ಹೊತ್ತು ಹೇಳಿಕೊಟ್ಟ ಪುಣ್ಯಾತ್ಮನಿಗೂ ಬಾಯಿ ಬಂದ್. ಇನ್ನು ಹಟ್ಟಿ ಚಿನ್ನದ ಗಣಿಯವರು 'ಇವತ್ತು ಬ್ಲಾಸ್ಟಿಂಗ್ ಐತಿ, ಊಟಕ್ಕ ಕಾಯಬ್ಯಾಡ' ಅಂತ ಹೆಂಡತಿಗೆ ಬರೆದರೆ ಗತಿಯೇನು?

ಇದು ನಮ್ಮೊಬ್ಬರ ಹಣೆಬರಹ ಅಲ್ಲ ಬಿಡಿ. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನವರಿಗೆ ಇಂಟರ್ನೆಟ್ ಸೇವೆಯ ಕಂಪನಿ ಎಒಎಲ್‌ನಲ್ಲಿ ಖಾತೆಯೇ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ಸ್ಪೆಲಿಂಗ್ ಒಳಗೆ ಒಂದು ಬೈಗುಳ ಅಡಗಿ ಕೂತಿತ್ತು. ಆಮೇಲೆ ಬುದ್ಧಿ ಬಂತಾ? 2020ರಲ್ಲಿ ಪಳೆಯುಳಿಕೆ ವಿಜ್ಞಾನಿಗಳು ಆನ್‌ಲೈನ್ ಸಮ್ಮೇಳನ ಮಾಡಿದಾಗ ಫಿಲ್ಟರ್ 'ಬೋನ್' ಅನ್ನುವ ಪದವನ್ನೇ ತಡೆಯಿತು. ಎಲುಬಿನ ಬಗ್ಗೆ ಮಾತಾಡಲು ಸೇರಿದವರು ಎಲುಬು ಅನ್ನುವ ಹಾಗಿಲ್ಲ!

ಈಗಿನ ಯಂತ್ರಗಳು ಬರೀ ಪದದ ಪಟ್ಟಿ ನೋಡುವುದಿಲ್ಲ, ರಾಶಿ ರಾಶಿ ಮಾತು ಓದಿ ಕಲಿತಿವೆ ಅನ್ನುತ್ತಾರೆ. ಓದಿದ್ದು ಜಾಸ್ತಿ ಇಂಗ್ಲಿಷ್. ಅದರಲ್ಲೂ ಏನು ಪಂಡಿತರಲ್ಲ: ಬೈಗುಳ ಪತ್ತೆ ಹಚ್ಚುವ ಗೂಗಲ್ ಕಡೆಯ ಯಂತ್ರ 'ಪರ್ಸ್ಪೆಕ್ಟಿವ್' ಬಂದ 2017ರಲ್ಲೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೈಗುಳದ ನಡುವೆ ಒಂದು ಚುಕ್ಕಿ ಇಟ್ಟು, ಇಲ್ಲವೇ ಒಂದಕ್ಷರ ಹೆಚ್ಚಿಗೆ ತುರುಕಿ ಅದನ್ನು ಯಾಮಾರಿಸಿ ತೋರಿಸಿದರು. ನಮ್ಮ ಹುಡುಗರಿಗೆ ಇದಕ್ಕೆಲ್ಲ ಸಂಶೋಧನೆ ಬೇಕಾ? ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಒಂದೊಂದು ಥರ ಬರೆಯುತ್ತಾನೆ, ಮನೆಯ ಹೆಣ್ಣುಮಕ್ಕಳನ್ನೆಲ್ಲ ಬೀದಿಗೆ ಎಳೆಯುತ್ತಾನೆ, ಅದು ರಾಜಾರೋಷವಾಗಿ ಅಲ್ಲೇ ಕೂತಿರುತ್ತದೆ. ಇತ್ತ 'ಎಲ್ಲಿ ಸತ್ತಿದ್ದೆಲೇ ಮಗನ, ಹ್ಯಾಪಿ ಬರ್ತ್‌ಡೇ' ಅಂದ ಜೀವದ ಗೆಳೆಯನಿಗೆ ನೋಟಿಸ್.

ದೂರು ಕೊಡಬಹುದಲ್ಲ ಅಂತೀರಾ? ಕೊಡಬಹುದು. 2021ರಲ್ಲಿ ಬಂದ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದಲ್ಲಿ ಕಂಪನಿಯವರು ದೂರು ತಲುಪಿತು ಅಂತ 24 ಗಂಟೆಯಲ್ಲಿ ಹೇಳಬೇಕು, 15 ದಿನದಲ್ಲಿ ಬಗೆಹರಿಸಬೇಕು ಅಂತ ಬರೆದಿದ್ದರು. ಅಲ್ಲಿಯವರೆಗೆ ಕಾಯಿಕೊರಕ ಕಾಯಿ ಮುಟ್ಟದೆ ಉಪವಾಸ ಇರಬೇಕು, ಅಷ್ಟೇ.

ನಿಜವಾಗಿ ಹೆದರಿಸುವವರು ಮಾತ್ರ ಬಲು ಸಭ್ಯರು. ಮರಳು ಲಾರಿ ಬಗ್ಗೆ ನಾಲ್ಕು ಸಾಲು ಬರೆದವರಿಗೆ ಹೀಗೆ ಮೆಸೇಜ್ ಬರುತ್ತದೆ: 'ನಮಸ್ಕಾರ ಸರ್, ಚೆನ್ನಾಗಿ ಬರೀತೀರಿ. ನಿಮ್ಮ ಮನಿ ಗೊತ್ತೈತಿ. ಮಕ್ಕಳು ಸಾಲಿ ಬಿಟ್ಟು ಯಾವ ದಾರಿಲೆ ಬರ್ತಾರ ಅನ್ನೂದೂ ಗೊತ್ತೈತಿ. ದೇವರು ಚಲೋ ಇಡಲಿ.' ಒಂದೂ ಕೆಟ್ಟ ಪದ ಇಲ್ಲ. ರಿಪೋರ್ಟ್ ಮಾಡಿದರೆ ಯಂತ್ರ ಅರೆಗಳಿಗೆಯಲ್ಲಿ ಉತ್ತರ ಕೊಡುತ್ತದೆ: ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. ಅದರ ಕೆಳಗೇ ಧಮಕಿ ಹಾಕಿದವನ ಫೋಟೋ: 'ಇವರು ನಿಮಗೆ ಪರಿಚಯ ಇರಬಹುದು. ಫ್ರೆಂಡ್ ಮಾಡಿಕೊಳ್ಳಿ.'