ಒಂದು ಸಲಕ್ಕೆ ಒಂದೇ ಮಗು

ಜಾತ್ರೆಯ ಸಂತೆ ಇರಲಿ, ಮಾಲ್‌ನ ಪ್ಲೇ ಏರಿಯಾ ಇರಲಿ, ಬರ್ತ್‌ಡೇ ಪಾರ್ಟಿ ಇರಲಿ, ಮಂಗಳೂರು ಉಡುಪಿಯಲ್ಲಿ ಈಗ ಎಲ್ಲಿ ಹೋದರೂ ಮಕ್ಕಳು ಮೊದಲು ಓಡುವುದು ಟ್ರ್ಯಾಂಪೊಲಿನ್, ಅಂದರೆ ಸ್ಪ್ರಿಂಗ್ ಕಟ್ಟಿದ ಪುಟಿಯುವ ಮ್ಯಾಟ್ ಕಡೆಗೆ. ಓಡಲಿ ಬಿಡಿ, ಹಾರುವ ವಯಸ್ಸು ಅದು. ಆದರೆ ಅಲ್ಲಿ ದುಡ್ಡು ತೆಗೆದುಕೊಂಡು ಒಂದೇ ಸಲಕ್ಕೆ ಐದಾರು ಮಕ್ಕಳನ್ನು ಒಳಗೆ ಬಿಡುತ್ತಾರಲ್ಲ, ನಾಲ್ಕು ವರ್ಷದ್ದು, ಹನ್ನೆರಡು ವರ್ಷದ್ದು ಎಲ್ಲ ಒಟ್ಟಿಗೆ, ಅದನ್ನು ನಾವು ಒಪ್ಪಿಕೊಳ್ಳಲೇಬಾರದು.

ಯಾಕೆ ಅಂದರೆ, ಹೆಚ್ಚಿನ ಪೆಟ್ಟು ಆಗುವುದೇ ಹೀಗೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ ಪ್ರಕಾರ, ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಬ್ಬರಿಗಿಂತ ಜಾಸ್ತಿ ಜನ ಒಟ್ಟಿಗೆ ಹಾರುವಾಗ ಆದದ್ದು. ಅದರಲ್ಲೂ ಪೆಟ್ಟು ತಿನ್ನುವುದು ಸಣ್ಣ ಮಗು. ಜೊತೆಯಲ್ಲಿ ಹಾರುವ ದೊಡ್ಡವರಿಗಿಂತ ಸಣ್ಣವರಿಗೆ ಗಾಯವಾಗುವ ಸಾಧ್ಯತೆ 14 ಪಟ್ಟಿನವರೆಗೂ ಹೆಚ್ಚು. ದೊಡ್ಡ ಹುಡುಗನ ಭಾರಕ್ಕೆ ಮ್ಯಾಟ್ ಕೆಳಗೆ ಕುಗ್ಗುತ್ತದೆ, ಮರುಕ್ಷಣ ಪುಟಿದು ಮೇಲೆ ಬರುತ್ತದೆ. ಅದೇ ಹೊತ್ತಿಗೆ ಸಣ್ಣದು ಕೆಳಗೆ ಇಳಿಯುತ್ತಿದ್ದರೆ ಮೇಲೆ ಬರುವ ಮ್ಯಾಟ್‌ಗೂ ಆ ಪುಟ್ಟ ಕಾಲಿಗೂ ನೇರ ಢಿಕ್ಕಿ. ಬೀಳಬೇಕೆಂದೇ ಇಲ್ಲ.

ನಮ್ಮ ಅಕ್ಕನ ಮಗಳಿಗೆ ಆದದ್ದು ಇದೇ. ನಾಲ್ಕು ವರ್ಷ ಅವಳಿಗೆ. ಒಂದು ಪ್ಲೇ ಏರಿಯಾದಲ್ಲಿ ಇಬ್ಬರು ದೊಡ್ಡ ಹುಡುಗರ ಜೊತೆ ಹಾರುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕುಳಿತು ಅಳತೊಡಗಿದಳು. ಬಿದ್ದಿಲ್ಲ, ತರಚಿಲ್ಲ, ಬಾವು ಕೂಡ ಅಷ್ಟಾಗಿ ಇಲ್ಲ. ಆದರೆ ಕಾಲು ನೆಲಕ್ಕೆ ಊರಲು ಒಪ್ಪಲಿಲ್ಲ. ಮನೆಯಲ್ಲಿ ಹಿರಿಯರೊಬ್ಬರು, "ಎಂತ ಆಗ್ಲಿಲ್ಲ, ಉಳುಕಿದ್ದು, ಎಣ್ಣೆ ತಿಕ್ಕಿದ್ರೆ ಸರಿಯಾಗ್ತದೆ" ಎಂದರು. ಅಕ್ಕ ಕೇಳಲಿಲ್ಲ, ಸೀದಾ ಎಲುಬಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಅವರು ಕೇಳಿದ ಮೊದಲ ಪ್ರಶ್ನೆ, "ಜೊತೆಗೆ ದೊಡ್ಡವರು ಹಾರ್ತಾ ಇದ್ರಾ?" ಎಕ್ಸ್‌ರೇಯಲ್ಲಿ ಮೊಣಗಂಟಿನ ಸ್ವಲ್ಪ ಕೆಳಗೆ ಸಣ್ಣ ಫ್ರಾಕ್ಚರ್ ಕಂಡಿತು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಎಷ್ಟು ಗೊತ್ತಿರುವ ಸಂಗತಿ ಎಂದರೆ, ಡಾಕ್ಟರುಗಳು ಇದನ್ನು ಟ್ರ್ಯಾಂಪೊಲಿನ್ ಫ್ರಾಕ್ಚರ್ ಎಂದೇ ಕರೆಯುತ್ತಾರೆ. ಕೆಲವೊಮ್ಮೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ.

ಈ ತಿಕ್ಕುವ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಮ್ಮಲ್ಲಿ ಈಗಲೂ ಮಗು ಬಿದ್ದರೆ ಮೊದಲು ಎಣ್ಣೆ, ಆಮೇಲೆ ಬಿದಿರಿನ ಪಟ್ಟಿ ಕಟ್ಟಿಸುವುದು, ಕೊನೆಗೆ ಆಸ್ಪತ್ರೆ. ಕೈಯೂರಿ ಬಿದ್ದ ಮಕ್ಕಳಲ್ಲಿ ಮೊಣಕೈ ಮೇಲಿನ ಎಲುಬು ಮುರಿಯುವುದು ಬಹಳ ಸಾಮಾನ್ಯ. ಅದರ ಪಕ್ಕದಲ್ಲೇ ಕೈಗೆ ರಕ್ತ ಕೊಡುವ ನಾಳ ಇರುತ್ತದೆ. ಅಲ್ಲಿ ತಿಕ್ಕಿ, ಬಿಗಿಯಾಗಿ ಕಟ್ಟಿ ರಕ್ತ ಓಡದಂತಾದರೆ ಸ್ನಾಯು ಸತ್ತು ಬೆರಳುಗಳು ಜೀವನಪೂರ್ತಿ ಮಡಚಿಕೊಂಡೇ ಉಳಿಯಬಹುದು. ಬೆರಳು ತಣ್ಣಗಾದರೆ, ಬಿಳಚಿಕೊಂಡರೆ, ಜೋಮು ಹಿಡಿದರೆ ಒಂದು ಗಂಟೆಯೂ ಕಾಯಬೇಡಿ ಮಾರಾಯ್ರೆ. ಕುತ್ತಿಗೆಗೆ ಪೆಟ್ಟಾಗಿದೆ ಅನ್ನಿಸಿದರೆ ಮಗುವನ್ನು ಎತ್ತಿಕೊಂಡು ಓಡಬೇಡಿ. ಅಲ್ಲಾಡಿಸದೆ ಮಲಗಿದ್ದಲ್ಲೇ ಇಟ್ಟು 108ಕ್ಕೆ ಫೋನ್ ಮಾಡಿ. ಲಾಗ ಹಾಕುವಾಗ ತಲೆ ಕೆಳಗಾಗಿ ಬಿದ್ದು ಬೆನ್ನುಹುರಿಗೇ ಏಟಾದ ಮಕ್ಕಳಿದ್ದಾರೆ. ಆ ಲಾಗದ ವಿಡಿಯೋ ತೆಗೆಯುವುದಕ್ಕೆ ಹುರಿದುಂಬಿಸುವವರು ಎಷ್ಟೋ ಸಲ ಅಪ್ಪ ಅಮ್ಮಂದಿರೇ!

"ಬಲೆ ಉಂಟಲ್ಲ" ಎನ್ನುತ್ತಾರೆ. ಬಲೆ ಹೊರಗೆ ಬೀಳುವುದನ್ನು ತಡೆಯಬಹುದು. ಒಳಗೆ ಮಕ್ಕಳು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುವುದನ್ನು ಹೇಗೆ ತಡೆಯುತ್ತದೆ? "ನಾವು ನೋಡ್ತಾ ಇದ್ದೇವಲ್ಲ" ಎಂಬ ಮಾತೂ ಅಷ್ಟೇ. ಗಾಯಗಳಲ್ಲಿ ಮೂರನೇ ಒಂದರಿಂದ ಅರ್ಧ ಪಾಲಿನವರೆಗೆ ದೊಡ್ಡವರು ನೋಡುತ್ತಿರುವಾಗಲೇ ಆಗಿವೆ. ನೋಡುತ್ತಾ ನಿಂತರೆ ಸಾಲದು, ಎರಡನೆಯ ಮಗು ಹತ್ತದಂತೆ ತಡೆಯಬೇಕು. ಮತ್ತೆ ನಮ್ಮ ಕರಾವಳಿಯ ಉಪ್ಪುಗಾಳಿಗೆ ಗೇಟಿನ ಕೊಂಡಿಯೇ ತುಕ್ಕು ಹಿಡಿಯುತ್ತದೆ. ಮಳೆ ಬಿಸಿಲಿಗೆ ಹೊರಗೇ ಬಿಟ್ಟ ಸ್ಪ್ರಿಂಗ್ ಕಥೆ ಕೇಳಬೇಕಾ? ಸ್ಪ್ರಿಂಗ್ ಮೇಲೆ ದಪ್ಪ ಫೋಮ್ ಇಲ್ಲದ ಕಡೆ ಮಕ್ಕಳನ್ನು ಹತ್ತಿಸಲೇಬೇಡಿ.

ಆರು ವರ್ಷದ ಒಳಗಿನ ಮಕ್ಕಳಿಗೆ ಟ್ರ್ಯಾಂಪೊಲಿನ್ ಬೇಡ ಎಂದು ಎಲುಬಿನ ತಜ್ಞರು ಹೇಳುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ. ಮಗು ಹಟ ಮಾಡುತ್ತದೆ, ಗೊತ್ತು. ಐಸ್‌ಕ್ರೀಂ ಕೊಡಿಸಿ, ಜಾತ್ರೆಯ ತೊಟ್ಟಿಲಲ್ಲಿ ಕೂರಿಸಿ, ಮಲ್ಪೆಯ ಮರಳಿನಲ್ಲಿ ಬಿಡಿ.

ನಡೆಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಜಾಗಕ್ಕೆ ಬಾಡಿಗೆ ಕಟ್ಟಿರುತ್ತಾರೆ, ಒಬ್ಬೊಬ್ಬರನ್ನೇ ಬಿಟ್ಟರೆ ಗಿಟ್ಟುವುದಿಲ್ಲ. ಹಾಗಾದರೆ ಸಮಯ ಕಡಿಮೆ ಮಾಡಿ, ಬೇಕಾದರೆ ದರ ಏರಿಸಿ, ನಾವು ಕೊಡುತ್ತೇವೆ. ಜಾತ್ರೆ ಸಮಿತಿಯವರು, ಪ್ರದರ್ಶನ ನಡೆಸುವವರು ಜಾಗ ಕೊಡುವಾಗಲೇ ಈ ಷರತ್ತು ಹಾಕಬಹುದು. "ಒಂದು ಸಲಕ್ಕೆ ಒಂದೇ ಮಗು" ಎಂದು ದೊಡ್ಡದಾಗಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ, ಅದನ್ನು ಪಾಲಿಸಲು ಒಬ್ಬರನ್ನು ನಿಲ್ಲಿಸಿ. ನಿಮ್ಮ ಊರಿನ ಸಮಿತಿಯಲ್ಲಿ ಪರಿಚಯದವರು ಇದ್ದರೆ ಈ ಬರಹವನ್ನು ಅವರಿಗೆ ಕಳಿಸಿ.