ಗುರ್ರೆನ್ನುವವನ ಜೊತೆ ಚೌಕಾಸಿ

ಒಲೆಯ ಮೇಲೆ ಕೊಡಗಿನ ಪಂದಿಕರಿ ಕುದಿಯುತ್ತಿರುವಾಗ ನಾಯಿಗೆ ಸಂಯಮ ಕಲಿಸಲು ಹೊರಡುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಹುರಿದ ಮಸಾಲೆಯ ಘಮ, ಕೊನೆಯಲ್ಲಿ ಬೀಳುವ ಕಾಚಂಪುಳಿಯ ಹುಳಿ, ಎರಡೂ ಸೇರಿ ಗೇಟಿನಾಚೆಗೂ ಹೋಗುತ್ತವೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50-60 ಲಕ್ಷವಂತೆ. ನಾಯಿಯ ಮೂಗಿನಲ್ಲಿ 20-30 ಕೋಟಿ. ನಮಗೆ ‘ಇವತ್ತು ಹಂದಿ’ ಎಂದಷ್ಟೇ ಗೊತ್ತಾಗುವ ಹೊತ್ತಿಗೆ ನಮ್ಮ ಜಿಮ್ಮಿಗೆ ಯಾವ ಪಾತ್ರೆ, ಮುಚ್ಚಳ ಯಾವ ಕಡೆಗೆ ಸರಿದಿದೆ, ಅಡುಗೆಮನೆಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಜಗಲಿಯಲ್ಲಿ ಮಲಗಿದಲ್ಲೇ ತಿಳಿದಿರುತ್ತದೆ.

ಜಿಮ್ಮಿ ಅರ್ಧ ಲ್ಯಾಬ್ರಡಾರ್, ಇನ್ನರ್ಧ ತೋಟದ ಕೆಲಸಗಾರರ ಲೈನ್‌ಮನೆ ಕಡೆಯ ನಾಡುನಾಯಿ. ಹಸಿವು ಮೊದಲರ್ಧದ್ದು, ಉಪಾಯ ಎರಡನೆಯದರದ್ದು. ಹಸಿವಿನ ಬಗ್ಗೆ ಅವನ ಪರವಾಗಿ ವಿಜ್ಞಾನವೂ ಸಾಕ್ಷಿ ಹೇಳುತ್ತದೆ. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇಲ್ಲವೆಂದು ಕಂಡುಕೊಂಡರು. ‘ಸಾಕು, ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ತಿಳಿಸುವ ಕೆಲಸದಲ್ಲಿ ಆ ಜೀನಿಗೆ ಪಾಲುಂಟು. ಜಿಮ್ಮಿಯ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸಿಲ್ಲ. ಅವನ ತಟ್ಟೆ ನೋಡಿದವರಿಗೆ ಪರೀಕ್ಷೆ ಬೇಕೂ ಇಲ್ಲ.

ಆದರೆ ಕಳ್ಳತನವನ್ನು ಕಲಿಸಿದ್ದು ಜೀನಲ್ಲ, ನಮ್ಮ ಮನೆ. ಇಲ್ಲಿ ಐದು ಜನ, ಐದು ಕಾನೂನು. ಬಾಯಿ ಬಿಟ್ಟು ನೋಡುತ್ತಿರುವ ಪ್ರಾಣಿಗೆ ಕೊಡದೆ ಉಣ್ಣುವುದು ಪಾಪವೆಂದು ಅವ್ವನ ನಂಬಿಕೆ. ಊಟದ ನಡುವೆ ಅವಳ ಎಡಗೈ ಮೇಜಿನಡಿಗೆ ಇಳಿದು, ಬರಿದಾಗಿ, ಏನೂ ಆಗದಂತೆ ಮೇಲೆ ಬರುತ್ತದೆ. ಹೆಂಡತಿಯ ಕಾನೂನಿನಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿದರೆ ಪೊರಕೆ. ಮಗ ಟಿವಿ ನೋಡುತ್ತ ಬಿಸ್ಕತ್ತಿನ ಪೊಟ್ಟಣವನ್ನು ಅವನ ಜೊತೆ ಸರಿಪಾಲು ಮಾಡಿಕೊಳ್ಳುತ್ತಾನೆ. ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದ ಚಿಕ್ಕಪ್ಪನದು ಒಂದೇ ಕಲಮು: ಆರ್ಡರ್ ಅಂದರೆ ಆರ್ಡರ್. ನಾನು ಪೇಪರ್ ಹಿಡಿದು ಕೂತರೆ ಎದುರಿಗೆ ಕುರಿ ಹೊತ್ತುಕೊಂಡು ಹೋದರೂ ಕಾಣದವನು. ಜಿಮ್ಮಿ ಈ ಐದನ್ನೂ ಬಾಯಿಪಾಠ ಮಾಡಿದ್ದಾನೆ. ಹೆಂಡತಿ ಒಲೆಯ ಮುಂದಿದ್ದರೆ ಅವನಷ್ಟು ಸಂಭಾವಿತ ಇಡೀ ತಾಲೂಕಿನಲ್ಲಿ ಇಲ್ಲ. ಅವಳು ಕಣದ ಕಡೆ ಹೋಗಿ, ಅವ್ವ ಒಳಗೆ ಬಂದಳೆಂದರೆ ಕಡುಬಿನ ಪಾತ್ರೆಯ ಬಳಿ ಅವನು ಹಾಜರು.

ಅಪರೂಪಕ್ಕೆ ಸಿಗುವ ತುಂಡೇ ಅಪಾಯಕಾರಿ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳಲ್ಲಿ ಇದನ್ನು ತೋರಿಸಿದ್ದ. ಕುಟ್ಟಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಕೈಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದ ಹಕ್ಕಿ ಮಾತ್ರ ಕುಟ್ಟುತ್ತಲೇ ಇರುತ್ತದೆ. ಅವ್ವನಿಗೆ ಇದನ್ನು ವಿವರಿಸಿದೆ. “ಪಾರಿವಾಳಕ್ಕೆ ದಿನಾ ಹಾಕಬಹುದಿತ್ತಲ್ಲ, ಪಾಪ” ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಗುತ್ತ ಕಾಲ ಕಳೆಯಬಹುದಿತ್ತು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದ ದಿನ ಕೋವಿ, ಕತ್ತಿಗಳಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜೆ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಜಿಮ್ಮಿ ಎಲ್ಲಿಂದಲೋ ಒಂದು ದೊಡ್ಡ ಮೂಳೆ ಎತ್ತಿಕೊಂಡು ಮೇಜಿನಡಿಗೆ ಸೇರಿದ್ದ. ಮಗ ಬಗ್ಗಿ ಕೈ ಚಾಚಿದ. ಮೊದಲು ಅಗಿಯುವ ಸದ್ದು ನಿಂತಿತು. ನಾಯಿ ತಲೆ ಎತ್ತಲಿಲ್ಲ. ಮೂಳೆಯ ಮೇಲೆ ಇನ್ನಷ್ಟು ಬಗ್ಗಿತು. ಮೈಯೆಲ್ಲ ಮರಗಟ್ಟಿತು. ಕಣ್ಣಷ್ಟೇ ಓರೆಯಾಗಿ ಹೊರಳಿ ಅಂಚಿನ ಬಿಳಿ ಕಂಡಿತು. ಆಮೇಲೆ, ಗಂಟಲಿನಿಂದಲ್ಲ, ಹೊಟ್ಟೆಯೊಳಗಿಂದ ಬಂದಂತೆ ಸಣ್ಣಗೆ ‘ಗುರ್...’ ಚಿಕ್ಕಪ್ಪ “ಜಿಮ್ಮೀ!” ಎಂದು ಗರ್ಜಿಸಿ ಕೋಲಿಗಾಗಿ ಎದ್ದರು. ಹಬ್ಬಕ್ಕೆಂದು ಮೈಸೂರಿನಿಂದ ಬಂದಿದ್ದ ಮಗಳು ತಮ್ಮನ ಕೈ ಹಿಡಿದು ಹಿಂದಕ್ಕೆಳೆದು, “ಅಜ್ಜ, ಹೊಡೀಬೇಡಿ. ಅವನು ಹೇಳಿದ್ದು ಒಳ್ಳೇದೇ ಆಯ್ತು” ಎಂದಳು.

ಗುರ್ ಎನ್ನುವುದು ನಾಯಿ ಕೊಡುವ ನೋಟಿಸು. ತೋಟದ ಗಡಿ ತಕರಾರಿನಲ್ಲಿ ನೋಟಿಸು ತಂದವನಿಗೆ ಬಾರಿಸಿ ಕಳಿಸಿದರೆ ಕೇಸು ಬಿದ್ದುಹೋಗುವುದಿಲ್ಲ; ಮುಂದಿನ ಸಲ ಹೇಳದೆ ಕೇಳದೆ ನೇರ ಜಪ್ತಿಗೇ ಬರುತ್ತಾರೆ. ಗುರ್ ಎಂದಾಗಲೆಲ್ಲ ಏಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡಬಹುದು. ಮೂಳೆಯನ್ನು ಕಿತ್ತುಕೊಳ್ಳುತ್ತಾರೆಂಬ ಭಯ ಹಾಗೇ ಉಳಿದಿರುತ್ತದೆ. ‘ಏನೂ ಹೇಳದೆ ಕಚ್ಚಿಬಿಡ್ತು’ ಎಂದು ಜನ ಹೇಳುವ ನಾಯಿಗಳಲ್ಲಿ ಎಷ್ಟು ಹಿಂದೊಮ್ಮೆ ಹೇಳಿ ಪೆಟ್ಟು ತಿಂದಿದ್ದವೋ!

ಇನ್ನೊಂದು ಮಾತು. ತೋಟದ ಮನೆಯಲ್ಲಿ ನಾಯಿ ಸಾಕುವುದೇ ಗುರ್ ಎನ್ನಲಿ ಎಂದು. ಕಣದಲ್ಲಿ ರೋಬಸ್ಟಾ ಕಾಫಿ ಹರವಿದ ರಾತ್ರಿ ಇದೇ ಸದ್ದು ಕೇಳಿದರೆ ಚಿಕ್ಕಪ್ಪನೇ ಟಾರ್ಚ್ ಹಿಡಿದು ಎದ್ದು “ಶಾಬ್ಬಾಸ್” ಎನ್ನುತ್ತಾರೆ. ಕಾಡುಹಂದಿ ಬಂದಿರಬಹುದು, ಆನೆ ಬಂದಿರಬಹುದು, ನಾಯಿಯ ಮೇಲೇ ಕಣ್ಣಿಟ್ಟ ಚಿರತೆಯೂ ಬಂದಿರಬಹುದು. ನಮ್ಮ ಕಡೆ ದೇವರಕಾಡುಗಳಲ್ಲಿ ಬೇಟೆಯ ದೇವರು ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸುವ ಪದ್ಧತಿ ಇದೆ. ಪಾಚಿ ಹಿಡಿದು ಸಾಲಾಗಿ ನಿಂತ ಆ ನಾಯಿಗಳು ಯಾರ ಮೂಳೆಯನ್ನೂ ಕದ್ದವಲ್ಲ, ನಿಜ. ಜೀವಂತ ನಾಯಿಗೆ ಮಾತ್ರ, ರಾತ್ರಿ ಕಣ ಕಾಯುವುದು ಕರ್ತವ್ಯ, ಹಗಲು ಮೂಳೆ ಕಾಯುವುದು ಅಪರಾಧ ಎಂಬ ನಮ್ಮ ವ್ಯತ್ಯಾಸವನ್ನು ಯಾರಾದರೂ ಕಲಿಸಲೇಬೇಕು.

ಚಿಕ್ಕಪ್ಪನ ಬಳಿ ಇದಕ್ಕೊಂದು ಸಿದ್ಧಾಂತವಿತ್ತು: ನಾಯಿ ಎಂದರೆ ತೋಳ, ತೋಳಕ್ಕೊಬ್ಬ ನಾಯಕ ಬೇಕು, ಆ ನಾಯಕ ನಾವೆಂದು ಬಗ್ಗುಬಡಿದು ತೋರಿಸಬೇಕು. ಈ ಮಾತಿನ ಬೇರು 1947ರಲ್ಲಿದೆ. ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳ ಜಗಳ ನೋಡಿ ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಊರಿಗೆಲ್ಲ ಮುಟ್ಟಿಸಿದರು. ಆಮೇಲೆ ಕಾಡಿನ ತೋಳಗಳ ಬೆನ್ನಿಗೆ ಬಿದ್ದ ಅದೇ ಮೆಕ್ 1999ರಲ್ಲಿ, ಕಾಡಿನ ಹಿಂಡೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಒಂದು ಸಂಸಾರ, ಅಲ್ಲಿ ಪಟ್ಟಕ್ಕಾಗಿ ಹೊಡೆದಾಟ ನಡೆಯುವುದು ಕಡಿಮೆ ಎಂದು ಬರೆದರು. ಮಗಳು ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪ, “ಸಂಸಾರಕ್ಕೊಬ್ಬ ಯಜಮಾನ ಬೇಡ್ವಾ?” ಎಂದು ಕೇಳಿದರು. ಒಳಗಿನಿಂದ ಅವ್ವ, “ಅನ್ನ ಹಾಕುವವಳು ಯಾರೂಂತ ಜಿಮ್ಮಿಗೆ ಗೊತ್ತುಂಟು” ಎಂದಳು. ಚರ್ಚೆ ಮುಗಿಯಿತು.

‘ತಪ್ಪು ಮಾಡಿದ್ದು ಅವನಿಗೇ ಗೊತ್ತು, ಮುಖ ನೋಡಿ’ ಎಂಬುದೂ ನಂಬುವ ಮಾತಲ್ಲ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಪರೀಕ್ಷಿಸಿ ನೋಡಿದರು. ತಿಂಡಿ ಕದ್ದ ನಾಯಿಗೂ ಕದಿಯದ ನಾಯಿಗೂ ಮುಖದಲ್ಲಿ ವ್ಯತ್ಯಾಸವಿರಲಿಲ್ಲ. ಒಡೆಯ ಬೈದಾಗ ಎರಡೂ ತಪ್ಪಿತಸ್ಥನ ಮುಖ ಹಾಕುತ್ತಿದ್ದವು. ಖಾಲಿ ತಟ್ಟೆ ತೋರಿಸಿ ಮಧ್ಯಾಹ್ನ ಬೈದರೆ, ಬೆಳಿಗ್ಗೆಯ ಕಡುಬಿಗೂ ಈ ಬೈಗುಳಕ್ಕೂ ಏನು ಸಂಬಂಧವೆಂದು ನಾಯಿಗೆ ತಿಳಿಯುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ಪಶುವೈದ್ಯರು. ಇದ್ದಕ್ಕಿದ್ದಂತೆ ಸಿಡುಕುವ ನಾಯಿಗೆ ಎಲ್ಲೋ ನೋವಿರಬಹುದು. ನಮ್ಮ ಮಳೆಗಾಲದಲ್ಲಿ ಕಾಲ್ಬೆರಳ ಸಂದಿಗೆ ಜಿಗಣೆ, ತೋಟ ಸುತ್ತಿ ಬಂದರೆ ಕಿವಿಗೆ ಉಣ್ಣಿ. ಜಿಮ್ಮಿಯ ಎಡಗಿವಿಯೊಳಗೆ ಉಣ್ಣಿಗಳ ಒಂದು ಸಂಸಾರವೇ ಇತ್ತು. ರೇಬಿಸ್ ಚುಚ್ಚುಮದ್ದಿನ ದಿನಾಂಕವನ್ನೂ ಅಲ್ಲೇ ನೋಡಿಸಿಕೊಂಡೆವು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಅರಿಸಿನ, ಸುಣ್ಣ ಎಂದು ಹೊತ್ತು ಕಳೆಯಬಾರದು.

ಆಮೇಲೆ ಬಡಗಿ. ತೋಟದ ಸಿಲ್ವರ್ ಓಕ್ ಹಲಗೆಯಿಂದ ಅಡುಗೆಮನೆಗೊಂದು ಗಿಡ್ಡ ಗೇಟು ಬಂತು. ಕದಿಯಲು ಸಿಗದಂತೆ ನೋಡಿಕೊಳ್ಳುವುದೇ ಅರ್ಧ ವಿದ್ಯೆ, ಯಾಕೆಂದರೆ ಕಳ್ಳತನಕ್ಕೆ ಬಹುಮಾನ ಕೊಡುವವರು ಬೇಕಿಲ್ಲ, ಕದ್ದದ್ದೇ ಬಹುಮಾನ. ಅದಕ್ಕಿಂತ ಮುಖ್ಯ, ಕೊಡಗಿನ ಅಡುಗೆಮನೆಯಲ್ಲಿ ನಾಯಿಗೆ ಆಗದ ಪದಾರ್ಥಗಳೇ ಹೆಚ್ಚು. ಕರಿಯೊಳಗಿನ ಈರುಳ್ಳಿ, ಬೆಳ್ಳುಳ್ಳಿ ಅವುಗಳ ರಕ್ತ ಕೆಡಿಸುತ್ತವೆ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ನೆಂಟರಿಗೆಂದು ಮಡಿಕೇರಿಯಿಂದ ತರುವ ಹೋಮ್‌ಮೇಡ್ ಚಾಕೊಲೇಟಿನಲ್ಲಿ ಥಿಯೊಬ್ರೊಮಿನ್ ಎಂಬ ವಿಷ, ಡಬ್ಬದಲ್ಲಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು, ಕೊನೆಗೆ ನಮ್ಮ ಅನ್ನದ ದಾರಿಯಾದ ಕಾಫಿಯಲ್ಲಿರುವ ಕೆಫೀನೂ ವಿಷವೇ. ಇದನ್ನು ಕೇಳಿದ ಮೇಲೆ ಅವ್ವನ ಎಡಗೈ ಮೇಜಿನಡಿಗೆ ಇಳಿಯುವುದು ನಿಂತಿತು. ಸ್ಕಿನ್ನರ್‌ನಿಂದ ಆಗದ್ದು ಬೆಳ್ಳುಳ್ಳಿಯಿಂದ ಆಯಿತು.

ಪಾಠ ಹೇಳಿದ್ದು ಮಗಳು. ಬೇಯಿಸಿದ ಕೋಳಿ ಲಿವರಿನ ಚೂರನ್ನು ಮುಷ್ಟಿಯಲ್ಲಿ ಹಿಡಿದು ಜಿಮ್ಮಿಯ ಮೂಗಿನ ಮುಂದಿಡುತ್ತಾಳೆ. ಅವನು ನೆಕ್ಕುತ್ತಾನೆ, ಮೂತಿಯಿಂದ ನೂಕುತ್ತಾನೆ, ಪಂಜದಿಂದ ಕೆರೆಯುತ್ತಾನೆ. ಮುಷ್ಟಿ ಬಿಚ್ಚುವುದಿಲ್ಲ, ಬೈಗುಳವೂ ಇಲ್ಲ. ಕೊನೆಗೆ ಬೇಸತ್ತು ಮೂಗನ್ನು ಒಂದಿಂಚು ಹಿಂದೆಗೆದ ಆ ಕ್ಷಣ “ಬಿಡು” ಎಂದು, ಇನ್ನೊಂದು ಕೈಯಿಂದ ಬೇರೆ ಚೂರು ಕೊಡುತ್ತಾಳೆ. ನಾಯಿಯ ಮುಖದಲ್ಲಿ ಲೆಕ್ಕಾಚಾರ ನಡೆಯುವುದು ಕಾಣುತ್ತದೆ: ಹಿಂದೆ ಸರಿದರೆ ಸಿಗುತ್ತದಾ? ಗುರ್ ಎನ್ನುವುದಕ್ಕೆ ಇದೇ ಲೆಕ್ಕದ ಮದ್ದು. ಅವನು ಅನ್ನ ತಿನ್ನುವಾಗ ದೂರದಿಂದ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರೊಂದನ್ನು ಎಸೆದು ಮುಂದೆ ನಡೆಯುವುದು. ಮೈ ಬಿಗಿಯದಿದ್ದರೆ ಮಾತ್ರ ಮಾರನೆಯ ಸಲ ಒಂದು ಹೆಜ್ಜೆ ಹತ್ತಿರ. ಮನುಷ್ಯನ ಕೈ ಬಂತೆಂದರೆ ಕಿತ್ತುಕೊಳ್ಳಲು ಎಂದುಕೊಂಡಿದ್ದವನಿಗೆ ಕೊಡಲು ಎಂದು ಮನವರಿಕೆಯಾಗಬೇಕು. ಮಗನಿಗೆ ಈ ಪಾಠಕ್ಕೆ ಪ್ರವೇಶವಿಲ್ಲ. ಮಕ್ಕಳನ್ನು ಇಂಥದ್ದರಿಂದ ದೂರವಿಡುವುದೇ ಸರಿ.

ಬಾಯಲ್ಲಿ ಏನಾದರೂ ಕದ್ದದ್ದಿದ್ದರೆ ಓಡಿಸಿಕೊಂಡು ಹೋಗಬಾರದು, ಬದಲಿಗೆ ಲಿವರ್ ತೋರಿಸಿ ವಿನಿಮಯ ಮಾಡಿಕೊಳ್ಳಬೇಕು ಎಂದು ಕಟ್ಟಪ್ಪಣೆ ಮಾಡಿ ಮಗಳು ಮೈಸೂರಿಗೆ ಹೋದಳು. ಮಳೆ ನಿಂತು ಸುಗ್ಗಿಹಬ್ಬ ಪುತ್ತರಿ ಹತ್ತಿರ ಬರುವ ಹೊತ್ತಿಗೆ ಮೂಳೆ, ಸಾಕ್ಸು, ಒಮ್ಮೆ ಅವ್ವನ ಕನ್ನಡಕದ ಡಬ್ಬ, ಎಲ್ಲವೂ ಗುರ್ ಇಲ್ಲದೆ ಕೈಗೆ ಬಂದವು. ಬಂದದ್ದರ ಜೊತೆಗೆ ವ್ಯಾಪಾರವೂ ಶುರುವಾಯಿತು. ಜಿಮ್ಮಿ ಈಗ ಕದಿಯುವುದು ತಿನ್ನಲಿಕ್ಕಲ್ಲ. ಚಪ್ಪಲಿಯೊಂದನ್ನು ಕಚ್ಚಿಕೊಂಡು ನೇರ ನಮ್ಮ ಮುಂದೆ ಬಂದು, ಬಾಲ ಆಡಿಸುತ್ತ, ಫ್ರಿಜ್ಜಿನ ಕಡೆ ನೋಡುತ್ತಾನೆ. ಇದಕ್ಕೂ ಉಪಾಯವುಂಟಂತೆ: ಚಪ್ಪಲಿ ಎತ್ತಿಡಿ, ಅವನು ಸುಮ್ಮನೆ ಮಲಗಿದ್ದಾಗ ಕರೆದು ಕೊಡಿ. ಮೊನ್ನೆ ಗಂಬೂಟನ್ನೇ ಎಳೆದುಕೊಂಡು ಬಂದವನಿಗೆ ನನ್ನ ಹೆಂಡತಿ ಎರಡು ಚೂರು ಕೊಡುವುದನ್ನು ಕಂಡು ಚಿಕ್ಕಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

“ಗಂಬೂಟಿಗೆ ಒಂದು ಸಾಕು. ನೀವು ಹೀಗೆ ರೇಟು ಏರಿಸಿದ್ರೆ ನಾಳೆ ನನ್ನ ಹತ್ರ ಏನು ಕೇಳ್ತಾನೆ ಅವನು?”