1945ಕ್ಕೆ ಮುಗಿಯಲಿಲ್ಲ

ಮಲಗುವ ಕೋಣೆಗೆ ಇಣುಕುವುದು ಸರ್ವಾಧಿಕಾರಿಗಳ ಚಾಳಿ ಎನ್ನುವ ನಿಮ್ಮ ಲೇಖನ ಚೆನ್ನಾಗಿದೆ ಸಾರ್, ಆದರೆ ಜರ್ಮನಿಯ 175ನೇ ಕಲಂನ ಕಥೆಯನ್ನು ಹಿಟ್ಲರ್ ಸಾವಿಗೇ ನಿಲ್ಲಿಸಿಬಿಟ್ಟಿದ್ದೀರಿ. ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆಂದ ಈ ಕಲಂ 1871ರದು. 1935ರಲ್ಲಿ ನಾಜಿಗಳು ಅದನ್ನು ಬೇಕಾದಷ್ಟು ಹಿಗ್ಗಿಸಿದರು. ಅಲ್ಲಿಯವರೆಗೆ ಸಂಭೋಗದಂಥ ಕೃತ್ಯ ನಡೆದದ್ದು ಸಾಬೀತಾಗಬೇಕಿತ್ತು. ಆಮೇಲೆ ಮೈ ಮುಟ್ಟದಿದ್ದರೂ ಕಾಮದ ಉದ್ದೇಶವಿತ್ತು ಎಂದರೆ ಸಾಕು, ಜೈಲು. ಪೊಲೀಸರಿಗೆ ಇನ್ನೇನು ಬೇಕು? ಸಾವಿರಾರು ಮಂದಿ ಎದೆಗೆ ಗುಲಾಬಿ ತ್ರಿಕೋನ (ಸಲಿಂಗಿ ಕೈದಿಗಳ ಗುರುತು) ಹಚ್ಚಿಸಿಕೊಂಡು ಯಾತನಾ ಶಿಬಿರ ಸೇರಿದರು.

ನನಗೆ ಹೊಟ್ಟೆ ಉರಿಯುವುದು ಮುಂದಿನದಕ್ಕೆ. ಪೂರ್ವ ಜರ್ಮನಿ 1950ರಲ್ಲೇ ಹಳೆಯ ರೂಪಕ್ಕೆ ಮರಳಿತು (ಅಲ್ಲಿ ರಹಸ್ಯ ಪೊಲೀಸ್ ಪಡೆ ಸ್ಟಾಸಿಯ ಕಣ್ಗಾವಲಿತ್ತು, ಅದು ಬೇರೆ ಮಾತು). ಪ್ರಜಾಪ್ರಭುತ್ವದ ಪಶ್ಚಿಮ ಜರ್ಮನಿಯೋ ನಾಜಿಗಳು ತಿದ್ದಿದ್ದನ್ನೇ 1969ರವರೆಗೆ ಇಟ್ಟುಕೊಂಡಿತು. 1957ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ನೈತಿಕತೆಯ ಹೆಸರಲ್ಲಿ ಅದನ್ನು ಎತ್ತಿಹಿಡಿಯಿತು. ಸುಮಾರು 50,000 ಜನರಿಗೆ ಶಿಕ್ಷೆಯಾಯಿತು. ಶಿಬಿರದಿಂದ ಜೀವ ಉಳಿಸಿಕೊಂಡು ಬಂದವರಲ್ಲಿ ಕೆಲವರು ಮತ್ತೆ ಅದೇ ಕಲಂನಡಿ ಜೈಲು ಕಂಡರು. ಯುದ್ಧಾನಂತರದ ಆ ಶಿಕ್ಷೆಗಳು ರದ್ದಾದದ್ದು 2017ರಲ್ಲಿ!

ಹಾಗಾಗಿ ಅದು ಸರ್ವಾಧಿಕಾರಿಗಳ ಚಾಳಿ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬ್ರಿಟಿಷರು ಬಿಟ್ಟುಹೋದ 377ನೇ ಸೆಕ್ಷನ್ನಿನಿಂದ ಒಪ್ಪಿತ ವಯಸ್ಕರಿಗೆ ನಮ್ಮಲ್ಲಿ ಬಿಡುಗಡೆ ಸಿಕ್ಕಿದ್ದೂ 2018ರಲ್ಲೇ ತಾನೆ?